‘ಫ್ರಾಂಟಿಯರ್’ಗೆ ‘ಗಡಿ’ ಸಾಕೇ? ‘ಊರಳಿವು’ ಇಲ್ಲಿ ಹೊಂದುತ್ತದೆಯೇ?

ಗೆಳೆಯರೇ, ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು: ಇಂಗ್ಲಿಷಿನ ‘ಫ್ರಾಂಟಿಯರ್’ಗೆ ಕನ್ನಡದಲ್ಲಿ ಏನನ್ನಬೇಕು, ಊರುಗಳನ್ನು ನಾಶಮಾಡುವವನು ಎಂಬ ಒಂದು ಹೆಸರಿಗೆ ಏನನ್ನಬೇಕು.

ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಕಡೆ ರಸ್ತೆ ಬದಿಯಲ್ಲಿ ಕಂಚಿನ ಫಲಕವಿರುವ ಕಲ್ಲುಗಳು ಸಿಗುತ್ತವೆ. 1929ರಲ್ಲಿ ನೆಟ್ಟವು. 1779ರಲ್ಲಿ, ಅಮೆರಿಕದವರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಜೊತೆ ಕಾದಾಡುತ್ತಿದ್ದಾಗ, ಅವರ ಜನರಲ್ ಜಾನ್ ಸಲಿವನ್, ಜನರಲ್ ಜೇಮ್ಸ್ ಕ್ಲಿಂಟನ್ ಇಬ್ಬರ ದಂಡು ಇರೊಕ್ವಾ ಎಂಬ ಅಲ್ಲಿಯ ಮೂಲನಿವಾಸಿಗಳ (ಫಲಕದಲ್ಲಿ ‘ಇಂಡಿಯನ್ನರು’) ಮೇಲೆ ಹೋದ ದಾರಿ ಅದು. ಊರಿಂದ ಬಂದಿದ್ದ ಅಮ್ಮನಿಗೆ ಫಲಕವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ‘ಗಡಿಗಳಲ್ಲಿ ಇಂಗ್ಲಿಷರೂ ಇಂಡಿಯನ್ನರೂ ಮಾಡುತ್ತಿದ್ದ ದಾಳಿಯನ್ನು ತಡೆದ ದಂಡಯಾತ್ರೆ’ ಅಂದೆ. ಅಮ್ಮ ಕೇಳಿದರು: “ಯಾರ ಗಡಿ? ಆಚೆ ಯಾರ ಊರಿತ್ತು?” ನನಗೆ ಮುಂದೆ ಮಾತು ಬರಲಿಲ್ಲ.

ನಮಗೆ ಗಡಿ ಅಂದರೆ ಗೆರೆ. ಈಚೆ ಒಬ್ಬರದು, ಆಚೆ ಇನ್ನೊಬ್ಬರದು. ಅಮೆರಿಕದವರ ಫ್ರಾಂಟಿಯರ್ ಹಾಗಲ್ಲ. ಬಿಳಿಯರ ಒಕ್ಕಲು ಮುಗಿಯುವ ಅಂಚು ಅದು, ಪಡುವಣಕ್ಕೆ ಸರಿಯುತ್ತಲೇ ಇರುತ್ತದೆ. ಆಚೆ ಬರೀ ಕಾಡು ಎಂಬ ಅರ್ಥ ಆ ಪದದೊಳಗೇ ಕೂತಿದೆ. ಆದರೆ ಅಲ್ಲಿ ನಿಜವಾದ ಗಡಿಯೂ ಇತ್ತು. 1768ರಲ್ಲಿ ಸ್ಟಾನ್ವಿಕ್ಸ್ ಕೋಟೆಯಲ್ಲಿ ಬ್ರಿಟಿಷರೂ ಇರೊಕ್ವಾ ಜನರೂ ಒಪ್ಪಿ ಒಂದು ಗೆರೆ ಗೊತ್ತುಮಾಡಿದ್ದರು. ಸಲಿವನ್ ದಂಡು ದಾಟಿದ್ದು ಆ ಗೆರೆಯನ್ನು. ಹಾಗಾಗಿ ಫ್ರಾಂಟಿಯರ್‌ಗೆ ‘ಗಡಿ’ ಅಂದರೆ ಎರಡೂ ಕಲಸಿಹೋಗುತ್ತವೆ. ‘ಗಡಿಕಾಳಗ’ವೂ ಬೇಡ ಅನ್ನಿಸುತ್ತದೆ, ವೀರಗಲ್ಲುಗಳ ಗಡಿಕಾಳಗ ನೆರೆಹೊರೆಯ ಎಲ್ಲೆಜಗಳ. ‘ಸೀಮೆ’ಗೆ ಎಲ್ಲೆ, ನಾಡು ಎರಡೂ ಅರ್ಥ ಇದೆಯಲ್ವಾ? ಅದರಿಂದ ‘ಅಂಚುಸೀಮೆ’ ಅಂದರೆ ಹೇಗೆ?

ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ಜಾರ್ಜ್ ವಾಷಿಂಗ್ಟನ್‌ಗೆ ಅಲ್ಲಿಯ ಮೂಲನಿವಾಸಿಗಳು ಇಟ್ಟ ಹೆಸರು ಕೊನೊಟೊಕೇರಿಯಸ್. ಊರುಗಳನ್ನು ನಾಶಮಾಡುವವನು ಎಂದು ಅರ್ಥ. ಇದು ಮೊದಲು ಅವನ ಮುತ್ತಜ್ಜನಿಗಿದ್ದ ಹೆಸರು. 1779ರಲ್ಲಿ ಅದು ನಿಜವಾಯಿತು. ಹಿಂದಿನ ವರ್ಷ ಪೆನ್ಸಿಲ್ವೇನಿಯಾದ ವಯೋಮಿಂಗ್ ಕಣಿವೆ, ನ್ಯೂಯಾರ್ಕಿನ ಚೆರಿ ವ್ಯಾಲಿಗಳಲ್ಲಿ ಬ್ರಿಟಿಷರ ಕಡೆಯವರೂ ಇರೊಕ್ವಾ ಯೋಧರೂ ಸೇರಿ ದಾಳಿ ಮಾಡಿದ್ದರು, ಚೆರಿ ವ್ಯಾಲಿಯಲ್ಲಿ ಹೆಂಗಸರು ಮಕ್ಕಳೂ ಸತ್ತಿದ್ದರು. ಅದಕ್ಕೆ ಉತ್ತರವಾಗಿ, ಆಗ ಅಮೆರಿಕದ ಸೇನಾಪತಿಯಾಗಿದ್ದ ವಾಷಿಂಗ್ಟನ್ ಸಲಿವನ್‌ಗೆ ಕೊಟ್ಟ ಆಜ್ಞೆ ಸ್ಪಷ್ಟವಾಗಿತ್ತು: ನಾಡನ್ನು ಸುಮ್ನೆ ತುಳಿದು ಬರಬೇಡಿ, ನಾಶಮಾಡಿ. ಆಗಸ್ಟ್ 29ರಂದು ನ್ಯೂಟೌನ್‌ನಲ್ಲಿ ಒಂದು ಕಾಳಗ ನಡೆಯಿತು. ಆಮೇಲೆ ಹೆಚ್ಚುಕಡಿಮೆ ಬರೀ ಸುಡುವ ಕೆಲಸ. ಸಲಿವನ್ ಕೊಟ್ಟ ಲೆಕ್ಕದಲ್ಲೇ 40 ಊರು, 1,60,000 ಬುಷೆಲ್ ಮೆಕ್ಕೆಜೋಳ. ನಮ್ಮ ಅಳತೆಯಲ್ಲಿ ಸುಮಾರು 40,000 ಕ್ವಿಂಟಲ್. ಹಣ್ಣಿನ ಮರಗಳನ್ನೂ ಕಡಿದರು. ಹಾವೇರಿ ಕಡೆಯ ಅಮ್ಮನಿಗೆ ‘ಗೋವಿನಜೋಳ’ ಅಂದೊಡನೆ ಎಲ್ಲ ಅರ್ಥವಾಯಿತು. “ತೆನೆ ಬಲಿತ ಹೊತ್ತಿನಲ್ಲಾ?” ಅಂದರು. ಹೌದು, ಸರಿಯಾಗಿ ಆ ಹೊತ್ತಿನಲ್ಲೇ. ಸಾವಿರಾರು ಜನ ಆ ಕಡುಚಳಿಗಾಲದಲ್ಲಿ ನಯಾಗರಾ ಕೋಟೆಯ ಸುತ್ತ ಬ್ರಿಟಿಷರು ಕೊಡುವ ಕಾಳಿಗೆ ಕಾಯಬೇಕಾಯಿತು.

ಇದಕ್ಕೆ ‘ದಂಡಯಾತ್ರೆ’ ಎಂಬ ಪದ ತೀರಾ ದೊರೆಯ ಕಡೆಯದು. ನಮ್ಮ ವೀರಗಲ್ಲುಗಳಲ್ಲಿ ತುರುಗೋಳಿನ (ದನ ಹೊಡೆದುಕೊಂಡು ಹೋಗುವುದು) ಜೊತೆಗೆ ‘ಊರಳಿವು’ (ಊರಿನ ನಾಶ) ಅಂತ ಬರುತ್ತದಲ್ಲ, ಅದು ಊರಿನ ಕಡೆ ನಿಂತು ಹೇಳುವ ಮಾತು. ನಮ್ಮಲ್ಲಿ ಊರಳಿವನ್ನು ತಡೆಯಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸಿದ್ದಾರೆ. ಅಲ್ಲಿ ಊರನ್ನು ನಾಶಮಾಡಿ ಹೋದ ದಂಡಿಗೆ ನಿಲ್ಲಿಸಿದ್ದಾರೆ. ಆ ಫಲಕದ ಮುಂದೆ ನಿಂತಾಗ ನನಗೆ ಇದೇ ನೋವಾಯಿತು.

ಹಾಗಾದರೆ ವಾಷಿಂಗ್ಟನ್‌ನ ಹೆಸರಿಗೆ ‘ಊರಳಿವ’ ಅನ್ನಬಹುದೇ? ಹಳಗನ್ನಡದಲ್ಲಿ ‘ಅಳಿ’ಗೆ ನಾಶಮಾಡು ಎಂಬ ಅರ್ಥವೂ ಇದೆ. ಈಗಿನವರಿಗೆ ಅದು ‘ತಾನೇ ಅಳಿದುಹೋಗು’ ಅಂತ ಮಾತ್ರ ಕೇಳಿಸುತ್ತದೆ, ಅದೇ ತೊಡಕು. ‘ಮನೆಹಾಳ’ನ ಹಾಗೆ ‘ಊರುಹಾಳ’ ಅಂದರೆ ಬೈಗುಳವಾಗುತ್ತದೆ. ವಾಷಿಂಗ್ಟನ್ ಆ ಹೆಸರನ್ನು ತಾನೇ ಒಂದು ಕಾಗದದಲ್ಲಿ ಬಳಸಿಕೊಂಡಿದ್ದ, ಅವನಿಗೆ ಅದು ಬಿರುದು. ಇರೊಕ್ವಾ ಒಕ್ಕೂಟದ ಸೆನೆಕಾ ಜನರ ಮುಖಂಡ ಕಾರ್ನ್‌ಪ್ಲಾಂಟರ್ 1790ರಲ್ಲಿ ಅವನೆದುರೇ ಹೇಳಿದ ಮಾತು ಬೇರೆ: ಆ ಹೆಸರು ಕೇಳಿದರೆ ಇವತ್ತಿಗೂ ನಮ್ಮ ಹೆಂಗಸರು ಹಿಂದಿರುಗಿ ನೋಡಿ ಬಿಳಿಚಿಕೊಳ್ಳುತ್ತಾರೆ, ಮಕ್ಕಳು ತಾಯಿಯ ಕೊರಳು ತಬ್ಬಿಕೊಳ್ಳುತ್ತವೆ. ಬಿರುದೂ ಆಗಬೇಕು, ಈ ಹೆದರಿಕೆಯೂ ಕೇಳಿಸಬೇಕು.

ನಿಮ್ಮ ಕಡೆಯ ಶಾಸನಗಳಲ್ಲಿ ಊರನ್ನು ಅಳಿದವನನ್ನು ಒಂದೇ ಪದದಲ್ಲಿ ಕರೆದದ್ದು ಕಂಡಿದ್ದರೆ ದಯವಿಟ್ಟು ಸಾಲು ಸಮೇತ ಬರೆಯಿರಿ.