ದತ್ತು ಮಗಳ ಮೌನ: ಆಪ್ತಸಮಾಲೋಚನೆ ಬೇಕೇ?

ಪ್ರಶ್ನೆ: ಹಸುಗೂಸಾಗಿದ್ದಾಗಲೇ ದತ್ತು ಪಡೆದ ನಮ್ಮ ಮಗಳಿಗೆ ಈಗ 13 ವರ್ಷ. ಅವಳಿಂದ ಏನನ್ನೂ ಮುಚ್ಚಿಟ್ಟಿಲ್ಲವಾದರೂ, ಹುಟ್ಟುಹಬ್ಬ ಹತ್ತಿರವಾದಂತೆ ಕೋಣೆಯ ಬಾಗಿಲು ಹಾಕಿಕೊಂಡು ಮಾತು ಬಿಡುತ್ತಾಳೆ. ಆಪ್ತಸಮಾಲೋಚಕರನ್ನು ಕಾಣಬೇಕೇ, ಕಾಯಬೇಕೇ?

ಉತ್ತರ 1: ಕಾಣೆಯಾದವರ ಕುಟುಂಬಗಳನ್ನು ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ‘ಅಸ್ಪಷ್ಟ ನಷ್ಟ’ ಎಂದು ಕರೆದ, ಆಪ್ತರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ತಿಳಿಯದ ಕೊನೆಗಾಣದ ದುಃಖ, ಹೆತ್ತವರನ್ನು ಅರಿಯದ ದತ್ತು ಮಕ್ಕಳಲ್ಲಿಯೂ ಇರಬಹುದು; ‘ನಾನು ಯಾರು’ ಎಂಬ ಪ್ರಶ್ನೆ ಬಲಿಯುವ ಹದಿಹರೆಯದಲ್ಲಿ, ಅದರಲ್ಲೂ ಹುಟ್ಟುಹಬ್ಬದ ಆಸುಪಾಸಿನಲ್ಲಿ, ಅದು ಮೇಲೇಳುವುದು ಸಹಜ. ದತ್ತು ಕುಟುಂಬಗಳೊಂದಿಗೆ ಕೆಲಸ ಮಾಡಿದ ಅನುಭವಿ ಆಪ್ತಸಮಾಲೋಚಕರನ್ನೇ ಹುಡುಕಿರಿ. ನಿದ್ರೆ, ಊಟ, ಓದು ಕೆಡುತ್ತಿದ್ದರೆ ಖಂಡಿತ ಕಾಯಬೇಡಿ.

ಉತ್ತರ 2: ನಾನೂ ದತ್ತು ಮಗನೇ. ‘ಹೆತ್ತವಳ ಬಗ್ಗೆ ಯೋಚನೆ ಬರುತ್ತದೆಯೇ?’ ಎಂದು ಅಮ್ಮ ತಾವಾಗಿ ಕೇಳಿದ ಮೇಲೆಯೇ, ಆ ಮಾತೆತ್ತಿದರೆ ಅವರಿಗೆ ನೋವಾದೀತೆಂಬ ನನ್ನ ಅಳುಕು ಕಳೆಯಿತು.

ಉತ್ತರ 3: ತಂದೆತಾಯಿಯೂ ಪ್ರತ್ಯೇಕವಾಗಿ ಸಮಾಲೋಚನೆ ಪಡೆಯಿರಿ.