ಚಿಲ್‌ಔಟ್ ಸಂಕಲನ ಕೇಳುವುದು ಹೇಗೆ? ರೂಢಿ ಇರುವವರು ಹೇಳಿ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಕೆಲಸ ಮುಗಿಸಿ ಬಂದ ಮೇಲೆ ತಲೆಬಿಸಿ ಇಳಿಯಲಿ ಅಂತ ಚಿಲ್‌ಔಟ್ ಅನ್ನುವ ನಿಧಾನಗತಿಯ ಎಲೆಕ್ಟ್ರಾನಿಕ್ ಸಂಗೀತದ ಸಂಕಲನ ಹಾಕಿಕೊಳ್ಳುತ್ತಿದ್ದೇನೆ. ಇಷ್ಟು ದಿನ ಕೇಳಿದ್ದು ಭಾವಗೀತೆ, ಸಿನಿಮಾ ಹಾಡು. ನಾಲ್ಕೈದು ಟ್ರ್ಯಾಕ್ ಆಗುವಷ್ಟರಲ್ಲಿ ಎಲ್ಲಾ ಒಂದೇ ಥರ ಅನ್ನಿಸುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಪಿ.ಜೆ. ಬಡಾವಣೆ):
ಮೊದಲು ಹಾಡುಗಳ ಸಾಲು ಕಲಸುವ ಶಫಲ್ ಆಫ್ ಮಾಡಿ ಮೇಡಂ, ಅರ್ಧ ಬೇಜಾರು ಅಲ್ಲಿಗೇ ಹೋಗುತ್ತದೆ. ಇಂಥ ಸಂಕಲನದಲ್ಲಿ ಹಾಡು ಯಾರದ್ದೇ ಇರಲಿ, ಯಾವುದರ ಹಿಂದೆ ಯಾವುದು ಅಂತ ಜೋಡಿಸಿದವರ ಕೈಚಳಕವೇ ದೊಡ್ಡದು. ಸ್ಪೇನಿನ ಇಬಿಜಾ ದ್ವೀಪದಲ್ಲಿ ಕ್ಯಾಫೆ ಡೆಲ್ ಮಾರ್ ಅಂತ ಒಂದು ಬಾರ್ ಇದೆ, 1980ರಲ್ಲಿ ಶುರುವಾದದ್ದು, ಪಡುವಣ ಕಡಲಿಗೆ ಮುಖ ಮಾಡಿದೆ. ಅಲ್ಲಿ ಹೋಸೆ ಪಡಿಯಾ ಅನ್ನುವ ಡಿಜೆ, ಹೊತ್ತು ಮುಳುಗುವ ಗಳಿಗೆಗೆ ಹೊಂದುವ ಹಾಡು ಆರಿಸಿ ಹಾಕುತ್ತಿದ್ದರು, ಕ್ಯಾಸೆಟ್ ಮಾಡಿಯೂ ಮಾರುತ್ತಿದ್ದರು. 1994ರಲ್ಲಿ ಆ ಬಾರ್ ಹೆಸರಿನ ಮೊದಲ ಸಂಕಲನ ಬಂತು. ಅದರಿಂದಲೇ ಶುರು ಮಾಡಿ. ಸಂಜೆ ಹೊತ್ತು, ಸಾಲು ತಪ್ಪಿಸದೆ. ನಾನು ಕುಂದವಾಡ ಕೆರೆ ಏರಿ ಮೇಲೆ ನಡೆಯುತ್ತಾ ಕೇಳುತ್ತೇನೆ, ನೀರಿನ ಪಕ್ಕ ಈ ಸಂಗೀತ ತುಂಬಾ ಚೆನ್ನಾಗಿ ಕೂರುತ್ತದೆ.

ಇನ್ನೊಂದು ಮಾತು. ಭಾವಗೀತೆ ಕೇಳಿದ ಕಿವಿ ಪಲ್ಲವಿ, ಚರಣ ಹುಡುಕುತ್ತದೆ, ಇಲ್ಲಿ ಬಹಳಷ್ಟು ಕಡೆ ಅದು ಸಿಗುವುದಿಲ್ಲ. ಬೇಸ್, ಅಂದರೆ ತಳದಲ್ಲಿ ಕೇಳಿಸುವ ತಗ್ಗಿನ ದನಿ, ಅದನ್ನು ಹಿಡಿದು ಕೇಳಿ. ಅದು ಸುತ್ತು ಹಾಕುತ್ತಲೇ ಇರುತ್ತದೆ, ಅದರ ಮೇಲೆ ಒಂದು ಗಿಟಾರ್ ಬಂದು ಸೇರುತ್ತದೆ, ದೂರದಲ್ಲೊಂದು ಹೆಣ್ಣುದನಿ ಕೇಳಿಸುತ್ತದೆ, ಆಮೇಲೆ ಯಾವಾಗಲೋ ಡ್ರಮ್ ಸುಮ್ನೆ ಬಿಟ್ಟುಹೋಗಿರುತ್ತದೆ. ಭಜನೆಯಲ್ಲಿ ತಾಳ ಒಂದೇ ಇದ್ದರೂ ಬೇಜಾರು ಬರುವುದಿಲ್ಲ ಅಲ್ವಾ, ಹಾಗೆ.

ಉತ್ತರ (ಚಿತ್ರದುರ್ಗ):
ಫೋನಿನ ಸ್ಪೀಕರ್‌ನಲ್ಲಿ ಕೇಳುತ್ತಿದ್ದೀರಾ? ಹಾಗಿದ್ದರೆ ಮೇಲಿನವರು ಹೇಳಿದ ಬೇಸ್ ನಿಮಗೆ ಕೇಳಿಸಿಯೇ ಇರುವುದಿಲ್ಲ. ಅಷ್ಟು ಪುಟ್ಟ ಸ್ಪೀಕರ್‌ಗೆ ತಗ್ಗಿನ ದನಿ ಹೊರಡಿಸಲು ಆಗುವುದಿಲ್ಲ. ಸಾಧಾರಣ ಇಯರ್‌ಫೋನ್ ಆದರೂ ಸಾಕು, ಸೌಂಡ್ ಕಡಿಮೆ ಇರಲಿ. ಆ್ಯಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡು ಮುಗಿಯುವಾಗಲೇ ಮುಂದಿನದನ್ನು ಬೆರೆಸುವ ಸೆಟ್ಟಿಂಗ್) ಇದ್ದರೆ ಸೊನ್ನೆಗೆ ಇಳಿಸಿ. ಕೆಲವು ಸಂಕಲನಗಳಲ್ಲಿ ಒಂದು ಹಾಡಿನ ಬಾಲಕ್ಕೆ ಇನ್ನೊಂದನ್ನು ಡಿಜೆಯೇ ಹೆಣೆದಿರುತ್ತಾರೆ, ಅದರ ಮೇಲೆ ಆ್ಯಪ್ ಮತ್ತೊಮ್ಮೆ ಬೆರೆಸಿದರೆ ಕಲಸಿಹೋಗುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಗಾಡಿ ಓಡಿಸುವಾಗ ಮಾತ್ರ ದಯವಿಟ್ಟು ಬೇಡ, ನಿದ್ದೆ ಎಳೆಯುತ್ತದೆ.

ಉತ್ತರ (ದಾವಣಗೆರೆ):
ಅಷ್ಟು ನಿಧಾನ ನನಗೆ ಒಗ್ಗಲಿಲ್ಲ ಅಕ್ಕಾ. ನಿಮಗೂ ಹಾಗೇ ಆದರೆ ಪ್ಯಾರಿಸ್ಸಿನ ಬುದ್ಧ ಬಾರ್ ಹೆಸರಿನ ಸಂಕಲನ ನೋಡಿ, 1999ರಲ್ಲಿ ಕ್ಲೋಡ್ ಶಾಲ್ ಅನ್ನುವ ಡಿಜೆ ಜೋಡಿಸಿದ್ದು. ಎರಡು ಡಿಸ್ಕ್ ಇವೆ, ಒಂದು ಊಟದ ಹೊತ್ತಿಗೆ, ಇನ್ನೊಂದು ಪಾರ್ಟಿಗೆ. ನಮ್ಮ ಕಡೆಯ, ಅರಬ್ಬರ ಕಡೆಯ ದನಿಗಳು ಜಾಸ್ತಿ ಸಿಗುತ್ತವೆ, ಹಾಡು ಕೇಳಿ ಬೆಳೆದವರಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ಊಟದ ಡಿಸ್ಕ್ ಮೊದಲು ಹಾಕಿ.