ಹೆಪಟೈಟಿಸ್ ಬಿ ಎರಡನೇ ಡೋಸ್ ಆದ ಮೇಲೆ ತೋಳು ಎತ್ತಲು ಆಗುತ್ತಿಲ್ಲ. ಮೂರನೆಯದು ಹಾಕಿಸಿಕೊಳ್ಳಲೋ ಬೇಡವೋ?

ಡಯಾಲಿಸಿಸ್ ಸಿಸ್ಟರ್:

ನಾಲ್ಕು ತಿಂಗಳ ಹಿಂದೆ ಡಯಾಲಿಸಿಸ್ ಘಟಕಕ್ಕೆ ಸ್ಟಾಫ್ ನರ್ಸ್ ಆಗಿ ಸೇರಿದೆ. ಇಲ್ಲಿ ದಿನವಿಡೀ ರಕ್ತದ ಜೊತೆಗೇ ಕೆಲಸ. ಹಾಗಾಗಿ ಹೊಸಬರಿಗೆಲ್ಲ ಹೆಪಟೈಟಿಸ್ ಬಿ ಲಸಿಕೆ ಹಾಕುತ್ತಾರೆ. ಮೊದಲನೆಯದಾದ ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಮೊದಲ ಡೋಸ್ ಆದಾಗ ಒಂದು ದಿನ ರಟ್ಟೆ ಭಾರವಾಗಿತ್ತು, ಮರುದಿನ ಮರೆತೇಬಿಟ್ಟೆ.

ಎರಡನೆಯದಾಗಿ ಇವತ್ತಿಗೆ ಒಂಬತ್ತು ವಾರ. ಪಾಳಿ ಬದಲಾಗುವ ಹೊತ್ತಿಗೆ ಕಾರಿಡಾರಿನಲ್ಲೇ ಟ್ರಾಲಿ ಇಟ್ಟುಕೊಂಡು ಹನ್ನೊಂದು ಜನಕ್ಕೆ ಒಬ್ಬರೇ ಹಾಕುತ್ತಿದ್ದರು. ಎಲ್ಲರೂ ನಿಂತೇ ಹಾಕಿಸಿಕೊಂಡೆವು. ನನ್ನ ಸ್ಕ್ರಬ್ಸ್ ತೋಳು ಬಿಗಿ, ಮೇಲೆ ಮಡಚಲು ಆಗಲಿಲ್ಲ. ಕುತ್ತಿಗೆಯ ಕಡೆಯಿಂದ ಎಳೆದು ಭುಜದ ತುದಿಯಷ್ಟನ್ನೇ ಬಿಡಿಸಿಕೊಟ್ಟೆ. ಸೂಜಿ ಒಳಗೆ ಹೋದಾಗ ಮೂಳೆಗೇ ತಾಗಿದ ಹಾಗಾಯಿತು. ಆ ರಾತ್ರಿಯಿಂದ ಶುರುವಾದ ನೋವು ಇನ್ನೂ ಬಿಟ್ಟಿಲ್ಲ. ಎಡಮಗ್ಗುಲಿಗೆ ಮಲಗುವಂತಿಲ್ಲ. ಸಲೈನ್ ಬಾಟಲಿಯನ್ನು ಸ್ಟ್ಯಾಂಡಿಗೆ ತೂಗುಹಾಕಲು ಬಲಗೈಯೇ ಬೇಕು. ಬೆನ್ನ ಹಿಂದಿನ ಹುಕ್ ಹಾಕಿಕೊಳ್ಳಲು ತಂಗಿಯನ್ನು ಕರೆಯುತ್ತೇನೆ.

ಸೀನಿಯರ್ ಒಬ್ಬರು "ಲಸಿಕೆ ಅಂದಮೇಲೆ ನೋವು ಇದ್ದೇ ಇರುತ್ತೆ" ಎಂದರು. ಇನ್ನೊಬ್ಬರು ಇದರಿಂದ ನರದ ಕಾಯಿಲೆ ಬರುತ್ತದೆ, ಮಲ್ಟಿಪಲ್ ಸ್ಕ್ಲಿರೋಸಿಸ್ ಆಗುತ್ತದೆ, ಮೂರನೆಯದನ್ನು ಬಿಟ್ಟುಬಿಡು ಎಂದರು. ಅದಕ್ಕೆ ಇನ್ನೂ ಮೂರು ತಿಂಗಳಿದೆ. ರೋಗಿಗಳಿಗೆ "ಏನೂ ಆಗಲ್ಲ, ಧೈರ್ಯವಾಗಿ ಹಾಕಿಸಿಕೊಳ್ಳಿ" ಎಂದು ದಿನಾ ಹೇಳುವವಳು ನಾನೇ. ಈಗ ಆ ಮಾತು ಹೇಳುವಾಗ ಗಂಟಲು ಕಟ್ಟುತ್ತದೆ. ಅನುಭವ ಇದ್ದವರು ದಯವಿಟ್ಟು ಹೇಳಿ. ತೋಳಿನ ಬದಲು ಸೊಂಟಕ್ಕೆ ಹಾಕಿಸಿಕೊಂಡರೆ ನಡೆಯುತ್ತದೆಯೇ?

ಹಳೇ ವಾರ್ಡ್ ಇನ್‌ಚಾರ್ಜ್:

ನೋಡಮ್ಮ, ನೀನು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಲಸಿಕೆಯ ಹೆಸರಲ್ಲ, "ಕುತ್ತಿಗೆಯ ಕಡೆಯಿಂದ ಎಳೆದು" ಅನ್ನುವ ಮಾತು. ಮೂವತ್ತೊಂದು ವರ್ಷ ಸೂಜಿ ಹಿಡಿದ ಕೈ ಇದು. ಹಾಗೆ ಎಳೆದಾಗ ಕಾಣುವುದು ಭುಜದ ಮೇಲ್ಭಾಗ ಮಾತ್ರ. ಚುಚ್ಚಬೇಕಾದ ಜಾಗ ಬಟ್ಟೆಯೊಳಗೇ ಉಳಿಯುತ್ತದೆ. ಭುಜದ ತುದಿಯ ಗಟ್ಟಿ ಮೂಳೆಯನ್ನು ಬೆರಳಿನಿಂದ ಮುಟ್ಟಿ ಹುಡುಕಬೇಕು, ಅಲ್ಲಿಂದ ಎರಡು ಮೂರು ಬೆರಳು ಕೆಳಗೆ, ಸ್ನಾಯು ದಪ್ಪಗಿರುವ ಕಡೆ ನೇರಕ್ಕೆ ಹಾಕಬೇಕು. ಹಾಕುವವರೂ ಹಾಕಿಸಿಕೊಳ್ಳುವವರೂ ಕೂತಿರಬೇಕು. ಹಾಕಿಸಿಕೊಳ್ಳುವವರು ಕೂತು ಹಾಕುವವರು ನಿಂತಿದ್ದರೆ ಸೂಜಿ ಮೇಲಕ್ಕೆ ಹೋಗುವ ಸಂಭವ ಹೆಚ್ಚು.

ರೋಗಿಗಳಿಗೆ ಹಾಕುವಾಗ ಇದನ್ನೆಲ್ಲ ಪಾಲಿಸುತ್ತೇವೆ, ನಮ್ಮವರಿಗೇ ಹಾಕುವಾಗ "ಬೇಗ ಬೇಗ" ಅನ್ನುತ್ತೇವೆ. ನಾನೂ ಹಾಗೆ ಹಾಕಿದ್ದೇನೆ, ಅದನ್ನು ನೆನೆದರೆ ಸಂಕಟವಾಗುತ್ತದೆ.

ಬಿಡು ಅನ್ನುವವರ ಮಾತು ಮಾತ್ರ ಕೇಳಬೇಡ. ನಾನು ಕೆಲಸಕ್ಕೆ ಸೇರಿದಾಗ ನಮಗೆ ಈ ಲಸಿಕೆ ಸಿಕ್ಕಿರಲಿಲ್ಲ. ನನ್ನ ಜೊತೆಗಾರ್ತಿಯೊಬ್ಬಳು ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡಳು. ಎರಡು ತಿಂಗಳಾದ ಮೇಲೆ ಕಣ್ಣು ಹಳದಿಯಾಯಿತು. ಅವಳ ಲಿವರ್ ಮತ್ತೆ ಸರಿಹೋಗಲೇ ಇಲ್ಲ.

ಭುಜದ ಫಿಸಿಯೋ:

ಸಿಸ್ಟರ್, ನಿಮ್ಮ ವಿವರಣೆಗೆ ಹೊಂದುವ ಸ್ಥಿತಿಯೊಂದಿದೆ. ಅದನ್ನು "ಸಿರ್ವಾ" ಅನ್ನುತ್ತಾರೆ, ಅಂದರೆ ಲಸಿಕೆ ಹಾಕುವ ರೀತಿಯಿಂದ ಭುಜಕ್ಕೆ ಆಗುವ ಪೆಟ್ಟು. ಡೆಲ್ಟಾಯ್ಡ್ ಸ್ನಾಯುವಿನ ಅಡಿಯಲ್ಲಿ ಬರ್ಸಾ ಎಂಬ ತೆಳುವಾದ ಚೀಲವಿದೆ, ಭುಜ ಸಲೀಸಾಗಿ ಜಾರಲಿ ಎಂದು. ಸೂಜಿ ತೀರಾ ಮೇಲೆ ಬಿದ್ದರೆ ಔಷಧ ಸ್ನಾಯುವಿಗೆ ಹೋಗದೆ ಆ ಚೀಲಕ್ಕೋ ಸ್ನಾಯುರಜ್ಜಿನ ಹತ್ತಿರಕ್ಕೋ ಹೋಗುತ್ತದೆ. ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುವುದೇ ಲಸಿಕೆಯ ಕೆಲಸ ತಾನೇ? ಅದು ಸ್ನಾಯುವಿನಲ್ಲಾದರೆ ಎರಡು ದಿನದ ನೋವು, ಬರ್ಸಾದಲ್ಲಾದರೆ ತಿಂಗಳುಗಟ್ಟಲೆ ಉರಿಯೂತ. ಫ್ಲೂ ಲಸಿಕೆಯಲ್ಲೂ ಆಗಬಹುದು, ಧನುರ್ವಾಯು ಲಸಿಕೆಯಲ್ಲೂ ಆಗಬಹುದು.

ಮಾಮೂಲಿ ನೋವಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ. ಇದು 48 ಗಂಟೆಯೊಳಗೆ ಶುರುವಾಗುತ್ತದೆ, ಮೊದಲು ಆ ಭುಜದ ತೊಂದರೆ ಇರುವುದಿಲ್ಲ, ತೋಳು ಎತ್ತುವ ಮತ್ತು ಬೆನ್ನ ಹಿಂದೆ ಒಯ್ಯುವ ಚಲನೆಯೇ ಕಟ್ಟಿಹೋಗುತ್ತದೆ. ಅಮೆರಿಕದಲ್ಲಿ 2017ರಲ್ಲಿ ಇದನ್ನು ಪರಿಹಾರ ಕೊಡಬೇಕಾದ ಲಸಿಕಾ ಹಾನಿಗಳ ಪಟ್ಟಿಗೆ ಸೇರಿಸಿದರು. ಹಾಗಾಗಿ "ನೋವು ಇದ್ದೇ ಇರುತ್ತೆ" ಎಂದು ಯಾರಾದರೂ ಅಂದರೆ ಸುಮ್ಮನಿರಬೇಡಿ. ಮೂಳೆ ವೈದ್ಯರಿಗೆ ತೋರಿಸಿ ಭುಜದ ಅಲ್ಟ್ರಾಸೌಂಡ್ ಬಗ್ಗೆ ಕೇಳಿ. ಉರಿಯೂತ ಇಳಿಸುವ ಮಾತ್ರೆ, ವ್ಯಾಯಾಮ, ಅದಕ್ಕೂ ಬಗ್ಗದಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್, ಹೀಗೆ ದಾರಿಗಳಿವೆ. ಒಂದೇ ವಿನಂತಿ: ನೋವೆಂದು ತೋಳನ್ನು ಮೈಗೆ ಅಂಟಿಸಿಕೊಂಡು ಇರಬೇಡಿ. ಭುಜ ಬಿಗಿದುಕೊಂಡರೆ ಬಿಡಿಸಲು ಬಹಳ ದಿನ ಬೇಕು.

ಐಸಿಯು ಹುಡುಗ:

ನನಗೆ ಎರಡನೇ ಡೋಸಿಗೆ ಎರಡು ದಿನ ಜ್ವರ ಬಂದಿತ್ತು. ಮೂರನೆಯದು ಹಾಕಿಸಿಕೊಳ್ಳಲೇ ಇಲ್ಲ. ಎರಡು ವರ್ಷವಾಯಿತು, ಆರಾಮಾಗಿದ್ದೇನೆ.

ಸಮುದಾಯ ವೈದ್ಯೆ:

ಐಸಿಯು ತಮ್ಮಾ, ಆರಾಮಾಗಿರುವುದು ಇಲ್ಲಿಯವರೆಗೆ ಸೂಜಿ ಚುಚ್ಚಿಕೊಂಡಿಲ್ಲ ಎನ್ನುವುದಕ್ಕೆ ಸಾಕ್ಷಿ, ರಕ್ಷಣೆ ಇದೆ ಎನ್ನುವುದಕ್ಕಲ್ಲ. ಸೋಂಕಿರುವವರ ರಕ್ತದ ಸೂಜಿ ಚುಚ್ಚಿದಾಗ, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30. ಎಚ್‌ಐವಿಗೆ ಅದು ನೂರಕ್ಕೆ 0.3 ಮಾತ್ರ. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಬದುಕಿರುತ್ತದೆ. ಬಿಟ್ಟ ಡೋಸನ್ನು ಈಗಲೂ ಹಾಕಿಸಿಕೊಳ್ಳಬಹುದು, ಮೊದಲಿನಿಂದ ಶುರು ಮಾಡಬೇಕಿಲ್ಲ. ನಾಳೆಯೇ ಹೋಗಿ.

ಡಯಾಲಿಸಿಸ್ ಸಿಸ್ಟರ್, ಆ ನರದ ಕಾಯಿಲೆಯ ಮಾತು ಎಲ್ಲಿಂದ ಬಂತು ಹೇಳುತ್ತೇನೆ. ಫ್ರಾನ್ಸಿನಲ್ಲಿ ಈ ಲಸಿಕೆ ಹಾಕಿಸಿಕೊಂಡ ಕೆಲವರಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಕಾಣಿಸಿಕೊಂಡಿತು. 1998ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳಲ್ಲಿ ಹಾಕುವುದನ್ನು ನಿಲ್ಲಿಸಿತು. ಸುದ್ದಿ ಎಲ್ಲೆಡೆ ಹರಡಿತು. ಆ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದೇ ಯೌವನದಲ್ಲಿ, ಲಸಿಕೆ ಹಾಕಿದ್ದೂ ಅದೇ ವಯಸ್ಸಿನವರಿಗೆ. ಒಂದರ ಹಿಂದೆ ಇನ್ನೊಂದು ಬಂದದ್ದಕ್ಕೆ ನಂಟೇ ಕಾರಣವೇ, ಕಾಕತಾಳೀಯವೇ ಎಂದು ಹೋಲಿಸಿ ನೋಡಬೇಕಾಯಿತು. ನೋಡಿದ್ದು ಯಾರನ್ನು ಗೊತ್ತೇ? ನಿಮ್ಮಂಥ ನರ್ಸ್‌ಗಳನ್ನೇ. ಅಮೆರಿಕದ ನರ್ಸ್‌ಗಳ ಆರೋಗ್ಯವನ್ನು 1976ರಿಂದ ದಾಖಲಿಸುತ್ತ ಬಂದಿರುವ ದೊಡ್ಡ ಅಧ್ಯಯನವಿದೆ. ಅದರಲ್ಲಿದ್ದ, ಈ ಕಾಯಿಲೆ ಬಂದ 192 ಮಹಿಳೆಯರನ್ನು ಬಾರದ 645 ಮಂದಿಯ ಜೊತೆ ಹೋಲಿಸಿ 2001ರಲ್ಲಿ ಪ್ರಕಟಿಸಿದರು. ಲಸಿಕೆಗೂ ಕಾಯಿಲೆಗೂ ನಂಟು ಸಿಗಲಿಲ್ಲ. ಆ ನರ್ಸ್‌ಗಳು ವರ್ಷಗಟ್ಟಲೆ ಪ್ರಶ್ನಾವಳಿ ತುಂಬಿ ಕಳಿಸಿದ್ದರಿಂದಲೇ ನಾನು ಇವತ್ತು ನಿಮಗೆ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಈ ಲಸಿಕೆಯಲ್ಲಿ ವೈರಸ್ ಇಲ್ಲ, ಯೀಸ್ಟ್‌ನಲ್ಲಿ ಬೆಳೆಸಿದ ಅದರ ಹೊರಮೈಯ ಪ್ರೋಟೀನ್ ಮಾತ್ರ. ನಿಜಕ್ಕೂ ಹೆದರಬೇಕಾದ್ದು ತೀವ್ರ ಅಲರ್ಜಿ, ಅದು ಹತ್ತು ಲಕ್ಷ ಡೋಸಿಗೆ ಸುಮಾರು ಒಂದು. ಬಹುಪಾಲು ಮೊದಲ ನಿಮಿಷಗಳಲ್ಲೇ ಗೊತ್ತಾಗುತ್ತದೆ, ಅದಕ್ಕೇ ಹಾಕಿಸಿಕೊಂಡ ಮೇಲೆ ಕಾಲು ಗಂಟೆ ಕೂರಿಸುವುದು. ನಿಮಗೆ ಹಾಗಾಗಿಲ್ಲ.

ಸೊಂಟಕ್ಕೆ ಬೇಡ. ಅಲ್ಲಿ ಔಷಧ ಕೊಬ್ಬಿನಲ್ಲಿ ಉಳಿದು ಆ್ಯಂಟಿಬಾಡಿ ಸರಿಯಾಗಿ ಹುಟ್ಟುವುದಿಲ್ಲ, ಆ ಡೋಸನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಲರಟ್ಟೆಗೆ ಹಾಕಿಸಿಕೊಳ್ಳಿ. ಆಗಿ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ರಕ್ತದಲ್ಲಿ ಆ್ಯಂಟಿಬಾಡಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ, 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದರ್ಥ. ಇನ್ನೊಂದು ಮಾತು: ಈ ಭುಜದ ನೋವನ್ನು ಲಸಿಕೆ ನಂತರದ ತೊಂದರೆ ಎಂದು ಬರೆದುಕೊಡಿ. ಆರೋಗ್ಯ ಸಿಬ್ಬಂದಿಯೇ ಬರೆದುಕೊಡದಿದ್ದರೆ ಬೇರೆ ಯಾರು ಕೊಡುತ್ತಾರೆ?

ಡಯಾಲಿಸಿಸ್ ಸಿಸ್ಟರ್ (ನಾಲ್ಕು ವಾರದ ನಂತರ):

ಎಲ್ಲರಿಗೂ ನಮಸ್ಕಾರ. ಅಲ್ಟ್ರಾಸೌಂಡಿನಲ್ಲಿ ಬರ್ಸಾದಲ್ಲಿ ನೀರು ತುಂಬಿರುವುದು ಕಂಡಿತು. ಸ್ಕ್ರೀನಿನಲ್ಲಿ ಆ ಕಪ್ಪು ಗೆರೆ ತೋರಿಸಿದಾಗ ಅತ್ತುಬಿಟ್ಟೆ. ನೋವು ನನ್ನ ಕಲ್ಪನೆಯಲ್ಲ ಎಂದು ಅಷ್ಟು ದಿನದ ಮೇಲೆ ಒಬ್ಬರು ಹೇಳಿದ ಹಾಗಾಯಿತು. ದಿನಕ್ಕೆ ಮೂರು ಸಲ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತಿದ್ದೇನೆ. ಕೈ ಈಗ ಕಿವಿಯವರೆಗೆ ಹೋಗುತ್ತದೆ, ಹುಕ್ ಮಾತ್ರ ಇನ್ನೂ ತಂಗಿಯದೇ ಕೆಲಸ.

ವರದಿ ಬರೆದುಕೊಟ್ಟೆ. ಬರೆಯುವಾಗ ಕೈ ನಡುಗಿತು, ಹಾಕಿದವರು ನನ್ನ ಜೊತೆ ಊಟ ಮಾಡುವ ಅಕ್ಕ. ಅವರಿಗೇ ಮೊದಲು ತೋರಿಸಿದೆ. ಓದಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಭುಜ ಮುಟ್ಟಿ ಮೂಳೆ ಹುಡುಕಿ, ಎರಡು ಬೆರಳು ಕೆಳಗೆ ಇಟ್ಟು, "ಇಲ್ಲಿ ಅಲ್ವಾ?" ಎಂದರು. ಹೋದ ವಾರದ ಲಸಿಕೆ ದಿನ ಕಾರಿಡಾರಿನಲ್ಲಿ ಟ್ರಾಲಿ ಇರಲಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಎದುರುಬದುರಾಗಿ ಎರಡು ಸ್ಟೂಲು ಹಾಕಿದ್ದರು.

ಮೂರನೇ ಡೋಸ್ ಹಾಕಿಸಿಕೊಳ್ಳುತ್ತೇನೆ. ಅದೇ ಅಕ್ಕನ ಕೈಯಿಂದಲೇ, ಬಲರಟ್ಟೆಗೆ. ಸಡಿಲ ತೋಳಿನ ಸ್ಕ್ರಬ್ಸ್ ತೆಗೆದಿಟ್ಟಿದ್ದೇನೆ. ಟೈಟರ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.

ಐಸಿಯು ಹುಡುಗ:

ಅಕ್ಕಾ, ನಾನು ಮೊನ್ನೆ ಮೂರನೆಯದು ಹಾಕಿಸಿಕೊಂಡೆ. ಜ್ವರ ಬರಲಿಲ್ಲ.